ಪಕಾರದ ಬಾಲ

ಬಾಟಲಿಯ ಎಣ್ಣೆಯೊಳಗಿಂದ ಕಿಟಕಿಯಾಚೆಯ ಖರ್ಜೂರದ ಮರ ಕಾಣುತ್ತಿದೆ, ಗರಿಗಳನ್ನು ಎಣಿಸುವಷ್ಟು ಸ್ಪಷ್ಟವಾಗಿ, ಅದೇ ಸರಿಯಿಲ್ಲ, ಕರಿದ ಎಣ್ಣೆಯೊಳಗಿಂದ ಮರ ಕಾಣುವುದುಂಟೆ — ಪ್ರಿನ್ಸಿ ಮುಚ್ಚಳ ತೆಗೆದು ಮತ್ತೊಮ್ಮೆ ಮೂಸಿದಳು, ಮೀನಿಲ್ಲ, ಈರುಳ್ಳಿಯಿಲ್ಲ, ಸಮೋಸಾದ ಜೀರಿಗೆಯೂ ಇಲ್ಲ. ಅಮ್ಮ ಬಂಗುಡೆ ಕಾಯಿಸಿದ ಎಣ್ಣೆಯನ್ನು ಬಸಿದಿಟ್ಟರೆ ಮೂರು ದಿನ ಕಳೆದರೂ ತಳದಲ್ಲಿ ಮಸಿ ಕೂತಿರುತ್ತಿತ್ತು, ಲೋಟ ತೊಳೆದರೂ ವಾಸನೆ ಹೋಗುತ್ತಿರಲಿಲ್ಲ, ಇದರ ತಳದಲ್ಲಿ ಒಂದು ಚುಕ್ಕೆಯಿಲ್ಲ. ಬಾಟಲಿಯ ಚೀಟಿ ಮಾತ್ರ ಹೇಳುತ್ತಿದೆ, ಗಲ್ಫಿನ ಈ ದಂಡೆಯ ಸಹಮ್ ಮತ್ತು ಸುವೈಕ್‌ನ ಹೋಟೆಲುಗಳಲ್ಲಿ ಕರಿದುಳಿದ ಎಣ್ಣೆ, ಇಲ್ಲಿಂದ ಡ್ರಮ್ಮಿನಲ್ಲಿ ಹಡಗು ಹತ್ತಿ, ವಿಮಾನದ ಇಂಧನವಾಗಿ, ಬ್ರಿಟನ್ನಿನ ಆಕಾಶದಲ್ಲಿ ಹಾರಬೇಕಾದ ಎಣ್ಣೆ. ಹಳೆಯದಕ್ಕೇ ಅಲ್ಲಿ ಹೆಚ್ಚು ಬೆಲೆಯೆಂದು ಹೊಸ ಪಾಮ್ ಎಣ್ಣೆಗೇ ಹಳೆಯದೆಂಬ ಹೆಸರಿಟ್ಟು ಸಾಗಿಸುತ್ತಿದ್ದಾರೆಯೇ — ಯಾರೂ ಹಾಗೆ ಹೇಳಿಲ್ಲ, ಮೂಗು ಹೇಳುತ್ತಿದೆ, ಮೂಗಿನ ಮಾತನ್ನು ಡೈರಿಯಲ್ಲಿ ಬರೆಯಬಹುದು, ಕ್ಲಾರೆನ್ಸ್ ಮಾಮನ ಮುಂದೆ ಆಡಲಾದೀತೆ. ನಿನ್ನೆ ಆಡಲು ಹೋದದ್ದೇ, ಮಾಮ ತಡೆದ. ಸೋಸಿದ್ದಾರೆ ಮಾರಾಯ್ತಿ, ಸೋಸಿದ್ರೆ ತಿಳಿ ಆಗುದಿಲ್ವಾ, ನೀನು ಎಂತ ಪೊಲೀಸ್ ನಾಯಿಯಾ, ಸೈನ್ ಹಾಕು, ಖಲಾಸ್. ಅಮ್ಮನ ತಮ್ಮ, ಈ ಕಂಪನಿಯ ಮ್ಯಾನೇಜರ್, ರಾಜ್ಯಶಾಸ್ತ್ರ ಓದಿ ಮನೆಯಲ್ಲಿ ಬಾಯಿ ಬಿಡದೆ ಕೂತಿದ್ದವಳನ್ನು ವೀಸಾ ಮಾಡಿಸಿ ಕರೆತಂದವನು, ಅವನ ಋಣದ ಅನ್ನ ಹೊಟ್ಟೆಯಲ್ಲಿದೆ, ಆದರೆ ಕಾಗದದ ಕೊನೆಯ ಸಾಲಿನಲ್ಲಿ ಅವನ ಹೆಸರಿಲ್ಲ, ಈ ಎಣ್ಣೆಯನ್ನು ಪರೀಕ್ಷಿಸಿದ್ದೇನೆ, ಬಳಸಿದ್ದೆಂದು ಒಪ್ಪುತ್ತೇನೆ, ಇಂತಿ — ಅಲ್ಲಿಗೆ ಪ್ರಿನ್ಸಿ ಬೇಕು. ನಾಳೆ ಯಾರಾದರೂ ಡ್ರಮ್ಮಿನ ಮುಚ್ಚಳ ತೆಗೆದು ಮೂಸಿದರೆ ಸುಳ್ಳಿ ಅಂತ ಬರೆದುಕೊಳ್ಳುವುದು ಅವಳ ಹೆಸರನ್ನೇ.

ಒಪ್ಪುತ್ತೇನೆ, ಎಷ್ಟು ಸಣ್ಣ ಮಾತು. ಕಳೆದ ವಾರ ಎಣ್ಣೆ ಕೊಳ್ಳುವವರ ಕಡೆಯಿಂದ ಬಂದ ಸುದ್ದಿಯಲ್ಲೂ ಅದೇ ಮಾತು, ಈ ಇಂಧನಕ್ಕೆ ಆಸರೆಯಾಗುವ ಕಾನೂನು ಮಾಡುವ ಲಂಡನ್ನಿನ ಸಂಸತ್ತು ಸ್ಕಾಟ್ಲೆಂಡ್, ವೇಲ್ಸ್‌ನ ಸಭೆಗಳ ಸಮ್ಮತಿ ಕೇಳಿದೆ. ಅವರು ಕೊಡ್ಲಿಲ್ಲ ಅಂದ್ರೆ ಎಂತ, ನಮ್ಮ ಆರ್ಡರ್ ಹೋಯ್ತಾ, ಮಾಮ ಗಾಬರಿಯಲ್ಲಿ ಕೇಳಿದ್ದ, ಅವಳು ಆ ವಾರದ ಅತಿ ಉದ್ದದ ಮಾತಾಡಿದ್ದಳು, ಕೊಡದಿದ್ರೂ ಸಂಸತ್ತು ಕಾನೂನು ಮಾಡಬಹುದು ಮಾಮ, ಕೇಳುದು ಒಂದು ಪದ್ಧತಿ ಅಷ್ಟೆ. ಮಾಮ ಹೊಟ್ಟೆ ಹಿಡಿದು ನಕ್ಕ, ಒಳ್ಳೆ ಜನ, ಕೇಳಿದ ಹಾಗೂ ಆಯ್ತು, ಕೇಳದ ಹಾಗೂ ಆಯ್ತು. ಅಷ್ಟು ನಗುವಂಥದ್ದು ಅದರಲ್ಲೇನಿತ್ತು, ಆ ರಾತ್ರಿ ಡೈರಿಯಲ್ಲೂ ಬರೆದಳು, ಮಾಮ ಯಾಕೆ ನಕ್ಕ — ಹೋಗಲಿ, ಹೋದ ತಿಂಗಳ ಹಾಳೆ ನೋಡೋಣ, ಅದಕ್ಕೆ ಯಾರು ಸಹಿ ಮಾಡಿದರು, ಆಗ ಅವಳು ಜ್ವರ ಬಂದು ರೂಮಿನಲ್ಲಿದ್ದಳಲ್ಲ. ಫೈಲಿನಲ್ಲಿ ಹಾಳೆ ಇದೆ. ಹಾಳೆಯ ಕೊನೆಗೆ ಪ್ರಿನ್ಸಿ ಇದ್ದಾಳೆ. ಕನ್ನಡದಲ್ಲೇ ಇದ್ದಾಳೆ, ಅವಳು ಸಹಿ ಹಾಕುವುದು ಕನ್ನಡದಲ್ಲೇ, ಪಾಸ್‌ಪೋರ್ಟಿನಲ್ಲೂ ಹಾಗೇ, ಆದರೆ ಇದು ಅವಳ ಕೈಯಲ್ಲ, ಪಕಾರದ ಕೆಳಗೆ ರಕಾರದ ಬಾಲವಿಲ್ಲ. ಪಿನ್ಸಿ. ಎಡ್ವರ್ಡನೇ ಇರಬೇಕು, ಯಾರ್ಡಿನ ಸೂಪರ್‌ವೈಸರ್, ಅವಳು ಹೋದಾಗಲೆಲ್ಲ ಡ್ರಮ್ಮಿಗೆ ಟಾರ್ಪಾಲು ಎಳೆದು, ಬಿಸಿಲೆಂದು ಅವಳನ್ನು ಒಳಗೆ ಕಳಿಸುವವನು, ಇಧರ್ ಧೂಪ್ ಹೈ ಮೇಡಂ, ಅಂದರ್ ಜಾಯಿಯೆ, ಅವನೇ — ಅಲ್ಲ, ಎಡ್ವರ್ಡ್ ಗೋವಾದವನು, ಅವನಿಗೆ ಕನ್ನಡ ಚಿತ್ರವಿದ್ದ ಹಾಗೆ, ಅಕ್ಷರ ಬಾರದವನು ಗೆರೆಗೆ ಗೆರೆ ನೋಡಿ ಇಳಿಸುತ್ತಾನೆ, ಬಾಲ ಬಿಡುವುದಿಲ್ಲ, ಬಾಲ ಬಿಡುವವನು ಅಕ್ಷರ ಬಲ್ಲವನು, ಹೆಸರನ್ನು ಬಾಯಲ್ಲಿ ಹೇಳಿಕೊಂಡು ಬರೆದವನು. ಯೋಚನೆ ಇಲ್ಲಿಗೇ ನಿಲ್ಲಲಿ, ಮುಂದೆ ಹೋಗದಿರಲಿ, ಆದರೆ ಅದು ಆಗಲೇ ಉಡುಪಿಯ ಮನೆಯ ಜಗಲಿಯಲ್ಲಿದೆ, ಗಲ್ಫಿನಿಂದ ಬಂದ ರಟ್ಟಿನ ಪೆಟ್ಟಿಗೆ, ಒಳಗೆ ಚಾಕಲೇಟು, ಸಾಬೂನು, ಟ್ಯಾಂಗ್, ಮೇಲೆ ಕರಿ ಮಾರ್ಕರಿನಲ್ಲಿ ದಪ್ಪಗೆ ಪಿನ್ಸಿಗೆ, ಅಮ್ಮ ಫೋನಿನಲ್ಲಿ ನಗುತ್ತಿದ್ದಾಳೆ, ಬಾಲ ಎಲ್ಲಿ ಹೋಯ್ತು ಕ್ಲಾರಿ, ಅತ್ತಲಿಂದ ಅವನು, ಬಾಲ ಮಂಗಕ್ಕೆ ಅಕ್ಕಾ, ನನ್ನ ಪಿನ್ಸಿಗೆ ಯಾಕೆ. ಆರು ವರ್ಷದವಳು ಆ ರಟ್ಟನ್ನು ಕತ್ತರಿಸಿ ತಲೆದಿಂಬಿನ ಅಡಿ ಇಟ್ಟುಕೊಂಡಿದ್ದಳು, ಲೋಕದಲ್ಲಿ ಹಾಗೆ ಬರೆಯುವವನು ಒಬ್ಬನೇ ಎಂದು. ಒಬ್ಬನೇ. ಕೇಳಿದ ಹಾಗೂ ಆಯ್ತು, ಕೇಳದ ಹಾಗೂ ಆಯ್ತು. ಪಿನ್ಸೀ, ಆಯ್ತಾ ಮಗಾ, ಹಡಗು ನಿನ್ನನ್ನು ಕಾಯುದಿಲ್ಲ, ಯಲ್ಲಾ — ಕ್ಯಾಬಿನ್ನಿನಿಂದ ಅಂದು ಜಗಲಿಯ ಫೋನಿನಲ್ಲಿ ಕೇಳಿದ ಅದೇ ದನಿ, ಅಷ್ಟೇ ಅಕ್ಕರೆ, ಹ್ಞೂಂ ಮಾಮ ಎಂದಿತು ಅವಳ ಬಾಯಿ, ತನ್ನಷ್ಟಕ್ಕೆ. ಎರಡು ಹಾಳೆ ಪಕ್ಕಪಕ್ಕ, ಬಾಲವಿಟ್ಟು ಬರೆದರೆ ಎರಡು ಸಹಿ ಹೊಂದುವುದಿಲ್ಲ, ನೋಡಿದವರಿಗೆ ಹಳೆಯದು ಕಳ್ಳಸಹಿಯೆಂದು ತಿಳಿಯುತ್ತದೆ, ಮಾಮ ಸಿಕ್ಕಿಬೀಳುತ್ತಾನೆ, ಬಾಲ ಬಿಟ್ಟರೆ ಹಳೆಯದಕ್ಕೂ ಅವಳೇ ಒಪ್ಪಿದಂತೆ, ಬರೆಯದೆ ಎದ್ದು ಹೋದರೆ — ಹೋದರೆ ನಾಳೆ ಅವನೇ ಬರೆಯುತ್ತಾನೆ. ಬಾಟಲಿಯೊಳಗೆ ಖರ್ಜೂರದ ಮರ ಅಲುಗುತ್ತಿಲ್ಲ. ಪೆನ್ನು ಇಳಿಯಿತು, ಹೊಟ್ಟೆ, ಗುಡಿಸು, ಪಿ, ಶಾಯಿ ಇನ್ನೂ ಹಸಿ, ಕೆಳಗೆ ಒಂದು ಗೆರೆಗೆ ಸಾಕಾಗುವಷ್ಟು ಬಿಳಿ ಜಾಗ, ಅದರ ಮೇಲೆ ಪೆನ್ನಿನ ಮೊನೆ, ಬಾಲವಿಲ್ಲದ ಪಿ, ರಟ್ಟಿನ ಪೆಟ್ಟಿಗೆಯ ಮೇಲೆ ಪಿ, ಹೋದ ತಿಂಗಳ ಹಾಳೆಯ ಮೇಲೆ ಪಿ, ಬಾಲವಿಲ್ಲದ ಪಿ, ಬಾಲವಿಲ್ಲದ