ಪಿಕೆಟ್ ಮಾವನ ಹಾಡು

ಪಿಕೆಟ್ ಮಾವ ಗಂಡಸಲ್ಲ ಎಂಬುದು ನನಗೆ ಗೊತ್ತಾದದ್ದು ೧೯೮೯ರಲ್ಲಿ, ಕಾರವಾರದ ನಮ್ಮ ಕಾಲೇಜಿನ ಗ್ಯಾದರಿಂಗಿನ, ಅಂದರೆ ವಾರ್ಷಿಕೋತ್ಸವದ, ಹಿಂದಿನ ದಿನ. ಹೇಳಿದವನು ನನ್ನ ತರಗತಿಯ ಕಿಶೋರ. ಗಿಟಾರು ಬಾರಿಸುತ್ತೇನೆಂಬ ಕೊಬ್ಬು ಅವನಿಗೆ ಸ್ವಲ್ಪ ಜಾಸ್ತಿಯೇ ಇತ್ತು.

ಪಿಕೆಟ್ ಮಾವನ ಹಾಡಿನ ರೆಕಾರ್ಡು ಕದ್ವಾಡದ ನಮ್ಮ ಮನೆಗೆ ಬಂದು ಆಗಲೇ ಆರು ವರ್ಷವಾಗಿತ್ತು. ಬಂದರಿನಲ್ಲಿ ಕೂಲಿಯಾಗಿದ್ದ ಅಪ್ಪ, ಅದಿರು ತುಂಬಲು ಬಂದ ಹಡಗಿನ ಅಡಿಗೆಯವನಿಗೆ ಒಂದು ಬುಟ್ಟಿ ಬಂಗಡೆ ಕೊಟ್ಟು ತಂದದ್ದು. ಅಮೆರಿಕದ ಹಳ್ಳಿಗರ ಹಾಡು, ಐವತ್ತೇಳನೇ ಇಸವಿಯದು. ಹೊದಿಕೆಯ ಮೇಲೆ ಒಂದು ಕುದುರೆ, ಒಂದು ಬೇಲಿ, ‘ವಿ. ಡಿ. ಪಿಕೆಟ್’ ಎಂಬ ಹೆಸರು, ಅಷ್ಟೇ. ಯಾರೋ ಬಳಸಿ ಬಿಟ್ಟದ್ದನ್ನು ಕೊಂಡಿದ್ದ ನಮ್ಮ ರೆಕಾರ್ಡ್ ಪ್ಲೇಯರಿನ ವೇಗದ ಗುಂಡಿ ಕೆಟ್ಟಿತ್ತು. ನಿಮಿಷಕ್ಕೆ ನಲವತ್ತೈದು ಸುತ್ತು ತಿರುಗಬೇಕಾದ ತಟ್ಟೆ ನಮ್ಮಲ್ಲಿ ಮೂವತ್ಮೂರೇ ಸುತ್ತು ತಿರುಗುತ್ತಿತ್ತು. ತಟ್ಟೆ ನಿಧಾನವಾದರೆ ದನಿಯೂ ತಗ್ಗಿ ದಪ್ಪವಾಗುತ್ತದೆಂದು ನಮಗೇನು ಗೊತ್ತು? ಗಂಭೀರ ಗಂಡುದನಿ, ತೂಗಿ ತೂಗಿ ಬರುವ ರಾಗ. ಅಜ್ಜಿ ಬೊಮ್ಮು ಮತ್ತವಳ ಜೊತೆ ಕೂಲಿಗೆ ಹೋಗುವ ಹೆಂಗಸರು ಅಂಗಳದಲ್ಲಿ ಕೂತು ಕೇಳುತ್ತಿದ್ದರು. ಪಿಕೆಟ್ ಮಾವ ಎಂದು ಹೆಸರಿಟ್ಟವಳೂ ಅಜ್ಜಿಯೇ.

ಹೊಳೆಯಾಚೆ ಹೋದವನನ್ನು ಕರೆಯುವ ಆ ಹಾಡನ್ನು ನಾನು ಗ್ಯಾದರಿಂಗಿಗೆ ಹಾಡುವುದು, ಕಿಶೋರ ಗಿಟಾರು ಬಾರಿಸುವುದು ಎಂದಾಯಿತು. ನಮ್ಮ ಕೇರಿಯಿಂದ ಕಾಲೇಜಿನ ವೇದಿಕೆ ಹತ್ತುವವಳು ನಾನೇ ಮೊದಲು. ಹಿಂದಿನ ದಿನ ಕಿಶೋರ ಎಲ್ಲಿಂದಲೋ ಅದೇ ಹಾಡಿನ ಕ್ಯಾಸೆಟ್ ತಂದು ಹಾಕಿದ. ಅದರಲ್ಲಿ ಒಬ್ಬ ಹುಡುಗಿ ಪಟಪಟನೆ ಹಾಡಿ ಮುಗಿಸಿಬಿಟ್ಟಳು.

“ಕೇಳ್ದ್ಯಾ? ವರ್ನಾ ಡೇಲ್ ಪಿಕೆಟ್. ಹೆಂಗ್ಸು. ಆರು ವರ್ಷ ತಪ್ಪೇ ಕಲ್ತಿದ್ದೆ ನೀನು. ನಾಳೆ ಹಿಂಗೆ ಹಾಡು, ಇಲ್ದಿದ್ರೆ ಮರ್ಯಾದೆ ಹೋಗ್ತದೆ.”

ರಾತ್ರಿಯೆಲ್ಲ ಪ್ರಯತ್ನಿಸಿದೆ. ಬರಲಿಲ್ಲ.

ಮರುದಿನ ಮಧ್ಯಾಹ್ನ ಪರದೆಯ ಸಂದಿಯಿಂದ ಇಣುಕಿ ನೋಡಿದೆ. ಅಜ್ಜಿ ಹನ್ನೆರಡು ಹೆಂಗಸರನ್ನು ಕಟ್ಟಿಕೊಂಡು ಬಂದು ಕೊನೆಯ ಸಾಲಿನಲ್ಲಿ ಕೂತಿದ್ದಳು! ಶೇಂಗಾ ಗದ್ದೆಯ ಕೆಲಸ ಬಿಟ್ಟು, ಹೂ ಮುಡಿದು. ಇವರೆದುರು ನಗೆಪಾಟಲಾಗುವುದಕ್ಕಿಂತ ಬಾವಿಗೆ ಹಾರುವುದು ವಾಸಿ ಎನ್ನಿಸಿತು.

ಕಿಶೋರ ಗಿಟಾರು ಶುರುಮಾಡಿದ, ಕ್ಯಾಸೆಟ್ಟಿನ ಓಡುವ ಲೆಕ್ಕದಲ್ಲೇ. ನನ್ನ ಬಾಯಿಂದ ಬಂದದ್ದು ಮಾತ್ರ ಅಂಗಳದ ಹಾಡು. ಅವನು ಎರಡು ಸಾಲು ಮುಂದೆ, ನಾನು ಹಿಂದೆ. ಮುಂದಿನ ಸಾಲಿನ ಹುಡುಗರು ಕಿಸಕ್ಕೆಂದರು. ಕಿಶೋರ ಕೈ ನಿಲ್ಲಿಸಿ ನನ್ನ ಕಡೆ ದುರುಗುಟ್ಟಿದ. ನನಗೆ ಸಿಟ್ಟು ಬಂತು. ಹಾಳಾಗಿ ಹೋಗಲಿ ಎಂದು ಗಿಟಾರಿಲ್ಲದೆಯೇ ಮೊದಲ ಸಾಲನ್ನು ನನ್ನ ನಿಧಾನದಲ್ಲೇ ಹಾಡಿದೆ.

ನಮ್ಮ ಹೆಂಗಸರಲ್ಲಿ ಒಂದು ಪದ್ಧತಿ. ಗದ್ದೆಯಲ್ಲಿ ಒಬ್ಬಳು ಸಾಲೆತ್ತಿದರೆ ಉಳಿದವರು ಅದರ ಕೊನೆಯನ್ನು ಹಿಡಿದು ತಿರುಗಿ ಹಾಡಲೇಬೇಕು. ಒಂಟಿ ಸಾಲು ಬಿಡುವಂತಿಲ್ಲ. ಇಲ್ಲಿ ಸುಮ್ಮನಿರಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ನನ್ನ ಸಾಲು ಮುಗಿದದ್ದೇ ತಡ, ಸಭಾಂಗಣದ ಕೊನೆಯಿಂದ ಹದಿಮೂರು ಗಂಟಲು ಆ ಇಂಗ್ಲಿಷಿನ ಬಾಲ ಹಿಡಿದು ಎತ್ತಿದವು. ಅರ್ಥ ಒಬ್ಬಳಿಗೂ ಗೊತ್ತಿಲ್ಲ, ರಾಗ ಕೂದಲೆಳೆಯಷ್ಟೂ ತಪ್ಪಲಿಲ್ಲ. ಇಡೀ ಸಭೆ ಹಿಂದೆ ತಿರುಗಿ ನೋಡಿತು.

ನನಗೆ ಧೈರ್ಯ ಬಂದದ್ದಲ್ಲ, ಭೂತ ಹಿಡಿದದ್ದು. ಎರಡನೇ ಸಾಲು ಎತ್ತಿದೆ, ಅವರು ತಿರುಗಿಸಿದರು. ಮೂರನೆಯದಕ್ಕೆ, ಮೊದಲು ನಕ್ಕಿದ್ದ ಹುಡುಗರೇ ಬಾಲ ಹಿಡಿದರು. ಹಾಡು ಮುಗಿದಾಗ ಪ್ರಿನ್ಸಿಪಾಲರೂ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದರು. “ಇನ್ನೊಂದ್ ಸಲ! ಇನ್ನೊಂದ್ ಸಲ!” ಎಂಬ ಕೂಗಿಗೆ ಸಭಾಂಗಣದ ತಗಡಿನ ಮಾಡು ಅದುರಿತು.

ಕಿಶೋರ ವೇದಿಕೆಯಿಂದಿಳಿದು ಸೀದಾ ಕೊನೆಯ ಸಾಲಿಗೆ ಹೋದ. ಅವನ ಮುಖದಲ್ಲಿ ಕೊಬ್ಬಿರಲಿಲ್ಲ.

“ಅಜ್ಜೀ, ನಾನೂ ಬಾರ್ಸ್ಲಾ? ತಪ್ಪಾಗೂದಿಲ್ಲ ಈ ಸಲ.”

ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿದಳು.

“ಬಾರ್ಸು ಮಗಾ. ನಮ್ಮ ಹುಡ್ಗಿ ಮುಂದೆ ಹೋಗ್ಲಿ, ನೀ ಹಿಂದೆ ಬಾ.”