ಎರಡನೆಯ ಪ್ಯಾಚ್

"ಇನ್ನೂ ಸ್ವಲ್ಪ ಮಗ್ಗುಲಿಗೆ ತಿರುಗಿಸು, ಬೆನ್ನು ಒರೆಸ್ತೀನಿ."

ತಮ್ಮನು ಅಣ್ಣನ ಹೆಗಲಡಿಗೆ ಕೈಕೊಟ್ಟು ದೇಹವನ್ನು ತನ್ನತ್ತ ವಾಲಿಸಿಕೊಂಡ. ಅತ್ತಿಗೆ ಒದ್ದೆ ಬಟ್ಟೆ ಹಿಂಡಿ ಗಂಡನ ಅಂಗಿಯನ್ನು ಮೇಲಕ್ಕೆ ಸರಿಸಿದಳು. ಕೈ ಅಲ್ಲೇ ನಿಂತಿತು.

ಎರಡು ಹೆಗಲಮೂಳೆಗಳ ನಡುವೆ ಒಂದು ಪ್ಯಾಚ್ ಅಂಟಿತ್ತು. ಅವಳು ಬಗ್ಗಿ ಎದೆಯ ಕಡೆ ನೋಡಿದಳು. ನಿನ್ನೆ ಬೆಳಿಗ್ಗೆ ಲಾಂಡ್ರಿ ಕೆಲಸಕ್ಕೆ ಹೊರಡುವ ಮೊದಲು ತಾನೇ ಹಚ್ಚಿದ್ದು, ಅದೂ ಹಾಗೇ ಇತ್ತು.

"ಇದ್ಯಾವುದು ಇಲ್ಲಿ?"

"ನೋವಿನ ಪ್ಯಾಚಲ್ವಾ ಅತ್ತಿಗೆ."

"ಅದು ನಂಗೂ ಗೊತ್ತು. ಇಲ್ಲಿಗೆ ಅವರ ಕೈ ಎಟುಕಲ್ಲ. ಯಾರು ಹಚ್ಚಿದ್ದು?"

"ನಾನೇ. ನಿನ್ನೆ ಊಟದ ಹೊತ್ತಿಗೆ ಬಂದಿದ್ನಲ್ಲ. ನೀವು ಹಾಕಿದ್ದು ಸ್ನಾನದಲ್ಲಿ ಕಿತ್ತು ಬಂತು, ಅತ್ತಿಗೆಗೆ ಹೇಳ್ಬೇಡ, ಬೈತಾಳೆ ಅಂದ ಅಣ್ಣ…"

ಅಷ್ಟರಲ್ಲಿ ಅವನ ಕಣ್ಣೂ ಅಣ್ಣನ ಎದೆಯ ಮೇಲೆ ಬಿತ್ತು. ಬಟ್ಟೆ ಅವಳ ಕೈಯಿಂದ ಬಕೆಟ್ಟಿಗೆ ಜಾರಿತು. ದೇಹವನ್ನು ಕೆಳಗಿಳಿಸಬೇಕೆಂದೂ ತೋಚದೆ ತಮ್ಮ ಹಾಗೆಯೇ ತಬ್ಬಿಕೊಂಡು ನಿಂತ.

ಬೆಳಿಗ್ಗೆ ಬಂದ ಪಕ್ಕದ ಬೀದಿಯ ಡಾಕ್ಟರು, ನಿದ್ದೆಯಲ್ಲೇ ಹೃದಯ ನಿಂತಿದೆ ಎಂದು ಹೇಳಿ ಹೋಗಿದ್ದರು. ಹೊರಗೆ ಸೇರಿದ್ದವರು, "ಪುಣ್ಯವಂತ, ನರಳದೆ ಹೋದ" ಎನ್ನುತ್ತಿದ್ದರು.

*

ಅವನು ಲಿಫ್ಟ್ ರಿಪೇರಿಯವನು. ಎಲ್ಲರಿಗೂ ಲಿಫ್ಟಣ್ಣ. "ಕೆಳಗಿರೋರನ್ನ ಮೇಲೆತ್ತೋದೇ ನನ್ನ ಕಸುಬು" ಎಂದು ನಗಿಸುತ್ತಿದ್ದವನು ಒಂದು ದಿನ ತಾನೇ ಲಿಫ್ಟಿನ ಗುಂಡಿಗೆ ಬಿದ್ದ. ಮುರಿದ ಬೆನ್ನುಮೂಳೆ ಕೂಡಿತು, ನೋವು ಹೋಗಲಿಲ್ಲ. ನಿಂತೇ ಊಟ ಮಾಡುತ್ತಿದ್ದ. ಮಗಳು ಓಡಿಬಂದು ತಬ್ಬಿಕೊಂಡರೆ ಕಿರುಚುತ್ತಿದ್ದ. ಕೊನೆಗೆ ಅವಳು ಹತ್ತಿರ ಬರುವುದನ್ನೇ ಬಿಟ್ಟಳು. ಒಂದು ಸಂಜೆ ಬಾಲ್ಕನಿಯ ಕಂಬಿ ಹಿಡಿದು ಕೆಳಗೇ ನೋಡುತ್ತ ನಿಂತವನನ್ನು ಹೆಂಡತಿ ಒಳಗೆ ಎಳೆದುಕೊಂಡಿದ್ದಳು.

ಬೇರೆ ಮದ್ದೆಲ್ಲ ಸೋತ ಮೇಲೆ ನೋವಿನ ಡಾಕ್ಟರಮ್ಮ ಪ್ಯಾಚ್ ಬರೆದುಕೊಟ್ಟರು.

"ಇದು ಬೆಂಕಿ ಇದ್ದ ಹಾಗೆ. ಒಲೆಯೊಳಗಿದ್ರೆ ಅಡುಗೆ, ಆಚೆ ಬಂದ್ರೆ ಮನೆಗೇ ಕುತ್ತು. ಮೂರು ದಿನಕ್ಕೆ ಒಂದೇ, ಒಂದನ್ನ ತೆಗೆದ ಮೇಲೇ ಇನ್ನೊಂದು. ಹೆಚ್ಚಾದ್ರೆ ನಿದ್ದೇಲಿ ಉಸಿರಾಡೋದನ್ನೇ ಮೈ ಮರೆತುಬಿಡುತ್ತೆ. ಯಾವಾಗ್ಲೂ ನೀವೇ ಹಚ್ಚಿ," ಎಂದು ಹೆಂಡತಿಗೆ ಹೇಳಿದರು.

ಆ ವಾರವೇ ಅವನು ಬಗ್ಗಿ ಮಗಳ ಶೂ ಲೇಸ್ ಕಟ್ಟಿದ. ಕಟ್ಟಿ ಮುಗಿದರೂ ಏಳಲಿಲ್ಲ. ಏನಾಯಿತೋ ಎಂದು ಹೆಂಡತಿ ಓಡಿಬಂದರೆ, ಮಗಳ ಕಾಲು ಹಿಡಿದು ಅಳುತ್ತಿದ್ದ. ಮತ್ತೆ ಕೆಲಸಕ್ಕೂ ಹೋದ. ಗುಂಡಿಗೆ ಇಳಿಯುವಂತಿರಲಿಲ್ಲ; ಮೇಜಿನ ಮುಂದೆ ಕೂತು ಸ್ವಿಚ್ಚುಗಳನ್ನು ಸರಿಮಾಡುತ್ತಿದ್ದ.

ಬರಬರುತ್ತ ಅದೇ ಪ್ಯಾಚ್ ಸಾಲದಾಯಿತು. ಹೆಚ್ಚಿಸಲು ಡಾಕ್ಟರಮ್ಮ ಒಪ್ಪಲಿಲ್ಲ. ವ್ಯಾಯಾಮ ಮಾಡಿಕೊಂಡು ಇದನ್ನೂ ನಿಧಾನಕ್ಕೆ ಇಳಿಸೋಣ ಎಂದರು. "ಇಳಿಸ್ತಾರಂತೆ! ನನ್ನ ಬೆನ್ನನ್ನ ಒಂದು ದಿನ ಅವರಿಗೆ ಬಾಡಿಗೆಗೆ ಕೊಡ್ತೀನಿ," ಎಂದು ಅವನು ಎದ್ದು ಬಂದಿದ್ದ.

ಕಳೆದ ವಾರ, "ಇವತ್ತು ನಾನೇ ಹಚ್ಕೋತೀನಿ, ನೀನು ಹೊರಡು" ಎಂದ. ಹೊತ್ತಾಗಿತ್ತು, ಅವಳು ಕೈಗೆ ಕೊಟ್ಟು ಹೋದಳು. ಆಮೇಲೆರಡು ದಿನ ಅವನು ಗೋಡೆಯತ್ತ ತಿರುಗಿ ಹಲ್ಲುಕಚ್ಚಿ ಮಲಗಿದ್ದೇಕೆಂದು ಅವಳಿಗೆ ಈಗ ಹೊಳೆಯಿತು. ಆ ಪ್ಯಾಚನ್ನು ಹಚ್ಚಿಕೊಳ್ಳದೆ ಎತ್ತಿಟ್ಟಿದ್ದ.

*

"ಗಟ್ಟಿಯಾಗಿ ಒತ್ತೋ ಅಂದ. ಅಂಗೈ ಇಟ್ಟು ಒತ್ತಿದೆ," ತಮ್ಮನ ದನಿ ಒಡೆದಿತ್ತು. "ಆಮೇಲೆ ಅಬ್ಬ, ಜೀವ ಬಂತು ಕಣೋ ಅಂದ, ಅತ್ತಿಗೆ."

"ಮೆಲ್ಲಗೆ ಮಾತಾಡು. ಹೊರಗೆ ಮಗು ಇದೆ."

ಬಾಗಿಲು ಸರಿಸಿ ಒಳಬಂದವರು ಗ್ರೀಸ್ ಮಾಮ, ಸತ್ತವನಿಗೆ ಕೆಲಸ ಕಲಿಸಿದ ಹಿರಿಯ ಮೆಕ್ಯಾನಿಕ್. ಸಂಗತಿ ಕೇಳಿ ಕುರ್ಚಿ ಹುಡುಕಿ ಕೂತರು.

"ಹಾಳು ಮದ್ದು. ಮೊದಲ ದಿನವೇ ಕಸಕ್ಕೆ ಎಸೀಬೇಕಿತ್ತು."

"ಹಾಗನ್ಬೇಡಿ ಮಾಮ. ಅದಿಲ್ದಿದ್ರೆ ಯಾವತ್ತೋ ಬಾಲ್ಕನಿಯಿಂದ… ಅದೇ ಉಳಿಸ್ತು. ಅದೇ…" ಅವಳು ಬಕೆಟ್ಟಿನಿಂದ ಬಟ್ಟೆ ಎತ್ತಿ ಹಿಂಡತೊಡಗಿದಳು.

"ಆಯ್ತಮ್ಮ. ಆದ್ರೆ ಈಗ ಯಾರಿಗೂ ಹೇಳ್ಬೇಡ. ಹೋದವನು ಬರ್ತಾನಾ? ಇರೋನ ತಲೆಗೆ ಸುತ್ಕೊಳ್ಳುತ್ತೆ."

ಅವಳು ಮೈದುನನತ್ತ ನೋಡಿದಳು. ಅವನು ತನ್ನ ಅಂಗೈಯನ್ನೇ ನೋಡುತ್ತಿದ್ದ.

"ಹೇಳಿಬಿಡಿ ಅತ್ತಿಗೆ," ಎಂದ. "ಒಳಗಿಟ್ಕೊಂಡು ನಾನು ಬದುಕಲ್ಲ."

ಅವಳು ಫೋನ್ ಮಾಡಿದಳು; ನೋವಿನ ಡಾಕ್ಟರಮ್ಮ ಬಂದರು. ಎರಡೂ ಪ್ಯಾಚ್ ನೋಡಿ ಗೋಡೆಗೆ ಒರಗಿದರು. "ಅವತ್ತು ಬೈದು ಎದ್ದು ಹೋದ್ರು. ನಾನಾದ್ರೂ ವಾಪಸ್ ಕರೀಬೇಕಿತ್ತು," ಎಂದರು, ಯಾರಿಗೂ ಅಲ್ಲದಂತೆ. ಆಮೇಲೆ, ದೇಹವನ್ನು ಪರೀಕ್ಷೆಗೆ ಕಳಿಸಲೇಬೇಕು ಎಂದರು. ಸ್ಮಶಾನಕ್ಕೆಂದು ಬಂದಿದ್ದ ಗಾಡಿಯವನಿಗೆ ಗ್ರೀಸ್ ಮಾಮ ಆಸ್ಪತ್ರೆಯ ದಾರಿ ಹೇಳಿದರು. ಹೂವು ಹಿಡಿದು ನಿಂತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಏನಂತೆ?" ಎಂಬ ಪಿಸುಮಾತು ಮೆಟ್ಟಿಲಿಳಿದು ಬೀದಿಯವರೆಗೂ ಹೋಯಿತು.

ಸ್ಟ್ರೆಚರ್ ಲಿಫ್ಟಿನಲ್ಲಿ ಹಿಡಿಯಲಿಲ್ಲ. ಜೊತೆಯ ಮೆಕ್ಯಾನಿಕ್‌ಗಳು ಮೆಟ್ಟಿಲ ಮೇಲೆಯೇ ಹೊತ್ತು ಇಳಿಸಿದರು. ತಲೆಯ ಕಡೆ ತಮ್ಮ ಹಿಡಿದಿದ್ದ. ಮೊದಲ ತಿರುವಿನಲ್ಲಿ ಸ್ಟ್ರೆಚರ್ ವಾಲಿ ಕಂಬಿಗೆ ದಡ್ಡನೆ ಬಡಿಯಿತು.

"ಅಯ್ಯೋ, ಹುಷಾರು! ಬೆನ್ನು, ಬೆನ್ನು!" ತಮ್ಮ ಕೂಗಿಕೊಂಡ.

ಎಲ್ಲರೂ ನಿಂತುಬಿಟ್ಟರು. ಹೊತ್ತವರು ಕದಲಲಿಲ್ಲ. ಮೇಲಿನ ಮೆಟ್ಟಿಲಿನಿಂದ ಅವಳು ಸರಸರನೆ ಇಳಿದು ಬಂದು, ಅವನ ಬೆನ್ನಿನ ನೇರಕ್ಕೆ ಸ್ಟ್ರೆಚರಿನ ಅಡಿಗೆ ಎರಡೂ ಅಂಗೈ ಕೊಟ್ಟಳು.