ಅತ್ತೆಯ ಸಹಿ, ನನ್ನ ಎಂ.ಎ.

ಬೆಳಗಾವಿಗೆ ಹೋಗಿ ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡುತ್ತೇನೆ ಎಂದು ನಾನು ಬಾಯಿ ಬಿಟ್ಟಿದ್ದೇ ತಡ, ಏಕಸಂಬಿಯ ನಮ್ಮ ಮನೆಯಲ್ಲಿ ಎಲ್ಲರೂ ಶಿಕ್ಷಣತಜ್ಞರಾದರು. ಹತ್ತನೆಯ ಇಯತ್ತೆಯನ್ನು ಮೂರು ಸಲ ಓದಿದ, ಅಪ್ಪನ ತಮ್ಮ ಕಾಕಾಸಾಹೇಬ ಕಾಕಾನಿಗಂತೂ ವಿಷಯದ ಮೇಲೆ ಭಾರೀ ಹಿಡಿತ.

“ಏನ್ ಕಲಿಸ್ತಾರ ಅದರಾಗ? ಯಾರ ಮನ್ಯಾಗ ಏನ್ ನಡದೈತಿ ಅಂತನ? ನಮ್ಮ ಕಟ್ಟಿ ಮ್ಯಾಲ ಕುಂತ್ರ ಫುಕಟ್ ತಿಳೀತೈತಿ.”

ಕಾಕಾ ಆ ಕಟ್ಟೆಯ ಮೇಲೆ ಇಪ್ಪತ್ತು ವರ್ಷದಿಂದ ಸಂಶೋಧನೆ ನಡೆಸಿದ್ದಾನೆ.

ಅಪ್ಪ ಭೀಮಗೊಂಡ ಹ್ಞೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. “ನೋಡೂಣು” ಎಂದ. ಅಪ್ಪ ನೋಡೂಣು ಎಂದ ಯಾವ ಕೆಲಸವೂ ಇಂದಿನವರೆಗೆ ಆಗಿಲ್ಲ. ಅರ್ಜಿ ಹಾಕಲು ಉಳಿದಿದ್ದು ಮರುದಿನ ಒಂದೇ.

ಆದರೆ ಮರುದಿನ ಅದಕ್ಕಿಂತ ಪವಿತ್ರ ಕಾರ್ಯವಿತ್ತು. ಅಥಣಿಗೆ ಕೊಟ್ಟ ಅಪ್ಪನ ಅಕ್ಕ ಕಾಶಿಬಾಯಿ ಅತ್ತೆಯನ್ನು ಚಿಕ್ಕೋಡಿಯ ನೋಂದಣಿ ಕಚೇರಿಗೆ ಕರೆದೊಯ್ಯಬೇಕಿತ್ತು. ಅಜ್ಜ ಬಿಟ್ಟುಹೋದ ಕಬ್ಬಿನ ಹೊಲದಲ್ಲಿ ತನಗೆ ಪಾಲು ಬೇಡ ಎಂದು ಆಕೆ ಸಹಿ ಹಾಕಬೇಕು. ನಮ್ಮ ಕಡೆ ಇದಕ್ಕೊಂದು ಪದ್ಧತಿಯಿದೆ. ಮೊದಲು ಸೀರೆ ಕೊಟ್ಟು ಉಡಿ ತುಂಬಬೇಕು, ಹೋಳಿಗೆ ಉಣ್ಣಿಸಬೇಕು, ಆಮೇಲೆ ಕಾಗದ ಮುಂದಿಡಬೇಕು. ನಾಲ್ಕು ಎಕರೆಗೆ ಒಂದು ಸೀರೆ. ಬ್ಲೌಸ್ ಪೀಸ್ ಪುಕ್ಕಟೆ.

ಹೊತ್ತು ಮುಳುಗುವ ಮೊದಲೇ ಉಣ್ಣುವ ಮನೆ ನಮ್ಮದು. ಕಚೇರಿಗೆ ಹೋಗುವ ಹಿಂದಿನ ಸಂಜೆ ಸೀರೆ ಕೊಟ್ಟಾದ ಮೇಲೆ ಎಲ್ಲರೂ ಊಟಕ್ಕೆ ಕುಳಿತೆವು. ಅತ್ತೆಯ ಹೋಳಿಗೆಗೆ ತುಪ್ಪ ಸುರಿಯುತ್ತ ಕಾಕಾ ಮತ್ತೆ ಶುರು ಹಚ್ಚಿದ.

“ಅಕ್ಕಾ, ನೀನರ ಈ ಮಯೂರಿಗೆ ಬುದ್ಧಿ ಹೇಳ. ಉಪಯೋಗಿಲ್ಲದ್ದು ಕಲೀತೇನಿ ಅಂತಾಳ.”

ಅತ್ತೆ ನನ್ನತ್ತ ತಿರುಗಿದಳು. “ಏನ್ ಕಲಿಸ್ತಾರವಾ ಅದರಾಗ?”

ನನಗೆ ಸಿಟ್ಟು ನೆತ್ತಿಗೇರಿತ್ತು. “ಅಣ್ಣತಮ್ಮರು ಸಹಿ ಹಾಕ ಅಂದ್ರ ಅಕ್ಕತಂಗ್ಯಾರು ಯಾಕ ಹಾಕ್ತಾರ, ಅದನ್ನ ಕಲಿಸ್ತಾರ ಅತ್ತಿ. ಹಾಕಲಿಲ್ಲಂದ್ರ ಏನಾಗತೈತಿ, ಅದನ್ನೂ.”

ಅಪ್ಪನ ತುತ್ತು ಬಾಯಿಯ ಹತ್ತಿರವೇ ನಿಂತಿತು. “ಏ ಹುಡುಗೀ!” ಎಂದು ಕಾಕಾ ಗದರಿದ. ನನ್ನ ಬೆಳಗಾವಿ ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಹೆದರಿಕೆಯಾಯಿತು, ಅಳುವೂ ಬಂತು.

ಅತ್ತೆ ಅವಸರವಿಲ್ಲದೆ ಹೋಳಿಗೆ ಮುಗಿಸಿ ಕೈ ತೊಳೆದಳು. “ಎಷ್ಟ ವರ್ಷದ್ದವಾ ಅದು?”

“ಎರಡು.”

“ಹಂಗಾರ ಭೀಮಗೊಂಡಾ, ನಾಳಿ ಆ ಆಫೀಸಿಗೆ ಹೋಗೂದು ಬ್ಯಾಡ. ಕೂಸು ಕಲತ ಬಂದು ನನಗ ತಿಳಿಸಿ ಹೇಳ್ಲಿ. ಆಮ್ಯಾಲೆ ಸಹಿ ಹಾಕೂದು ನೋಡೂಣು.”

“ನಾವು ಕಳಿಸಲಿಲ್ಲಂದ್ರ?” ಎಂದ ಕಾಕಾ.

“ನನಗ ತಿಳಿಯೂದಿಲ್ಲ. ತಿಳೀಲಾರದ ಕಾಗದಕ್ಕ ನಾ ಸಹಿ ಹಾಕಂಗಿಲ್ಲ.”

ಮರುದಿನ ಗಾಡಿ ಚಿಕ್ಕೋಡಿಗೆ ಹೋಯಿತು, ಆದರೆ ನಿಂತಿದ್ದು ಅರ್ಜಿ ತುಂಬಿಕೊಡುವ ಕಂಪ್ಯೂಟರ್ ಅಂಗಡಿಯ ಮುಂದೆ. ಅಪ್ಪ ನನ್ನ ಅಂಕಪಟ್ಟಿಗಳನ್ನು ಒಂದೊಂದಾಗಿ ಅಂಗಡಿಯವನಿಗೆ ಕೊಡುತ್ತಿದ್ದ. ಕಾಕಾ ನನ್ನ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದ: “ಮಯೂ, ಆ ಸಹಿದ್ದ ಪಾಠ ಒಂದ ಬಿಡಾಕ ಬರೂದಿಲ್ಲೇನವಾ?”

ಅತ್ತೆ ಗಾಡಿಯಲ್ಲೇ ಕುಳಿತಿದ್ದಳು. ಹೊಸ ಸೀರೆಯನ್ನು ಆಗಲೇ ಉಟ್ಟುಬಿಟ್ಟಿದ್ದಳು.